ಮಳೆಗಾಲದಲ್ಲಿ ಟರ್ಕಿ ಮರಿಗಳ ಪಾಲನೆ: ಮೊದಲ ನಾಲ್ಕು ವಾರಗಳು

ಕೃಷಿಯ ಜೊತೆಗೆ ಉಪಕಸುಬೊಂದನ್ನು ಕೈಗೊಳ್ಳಬೇಕೆಂಬ ರೈತರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಟರ್ಕಿ ಕೋಳಿಯ ಕಡೆಗೆ ಒಲವು ತೋರುತ್ತಿದ್ದಾರೆ. ಟರ್ಕಿಯು ಗಾತ್ರದಲ್ಲಿ ದೊಡ್ಡದು. ಮಾಂಸದಲ್ಲಿ ಕೊಬ್ಬು ಕಡಿಮೆ. ಬೆಳೆದ ಹಕ್ಕಿಯು ಹೊಲದಲ್ಲಿ ಹುಲ್ಲು, ಸೊಪ್ಪು, ಹುಳುಗಳನ್ನು ಮೇಯ್ದು ತನ್ನ ಆಹಾರದ ಒಂದು ಭಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಬೆಳೆದ ಟರ್ಕಿ ಎಷ್ಟು ಗಟ್ಟಿಯೋ ಅದರ ಮರಿ ಅಷ್ಟೇ ನಾಜೂಕು. ಟರ್ಕಿ ಸಾಕಣೆಯಲ್ಲಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ನಷ್ಟ ಕಾಣುವುದು ಮೊದಲ ನಾಲ್ಕು ವಾರಗಳಲ್ಲಿಯೇ. ಒಳ್ಳೆಯ ಪಾಲನೆಯಲ್ಲಿಯೂ ಈ ಅವಧಿಯಲ್ಲಿ ನೂರಕ್ಕೆ 6ರಿಂದ 10 ಮರಿಗಳು ಸಾಯುವುದುಂಟು. ಪಾಲನೆ ತಪ್ಪಿದರೆ ಅರ್ಧಕ್ಕರ್ಧ ಮರಿಗಳು ಹೋಗಲು ಒಂದು ವಾರ ಸಾಕು.

ಟರ್ಕಿಯು ಮೂಲತಃ ಅಮೆರಿಕ ಖಂಡದ ಹಕ್ಕಿ. ಹೆಸರಿನಲ್ಲಿ ಟರ್ಕಿ ಇದ್ದರೂ ಆ ದೇಶಕ್ಕೂ ಇದರ ಹುಟ್ಟಿಗೂ ಸಂಬಂಧವಿಲ್ಲ. ನಮ್ಮ ಪಕ್ಕದ ಗೋವೆಗೆ ಇದು ಹಡಗಿನಲ್ಲಿ ಬಂದು ನಾಲ್ಕು ನೂರು ವರ್ಷಗಳ ಮೇಲಾಯಿತು. 1612ರಲ್ಲಿ ಗೋವೆಯಿಂದ ತಂದ ಒಂದು ಟರ್ಕಿಯನ್ನು ಮೊಗಲ್ ದೊರೆ ಜಹಾಂಗೀರನಿಗೆ ಒಪ್ಪಿಸಲಾಯಿತು. ಆಸ್ಥಾನದ ಚಿತ್ರಕಾರ ಮನ್ಸೂರನು ಬರೆದ ಅದರ ಚಿತ್ರ ಇಂದಿಗೂ ಉಳಿದಿದೆ. ಇಷ್ಟು ಹಳೆಯ ಪರಿಚಯವಿದ್ದರೂ ಇದರ ಮರಿಯ ಪಾಲನೆಯ ತಿಳಿವಳಿಕೆ ನಮ್ಮ ಕಡೆ ಕೋಳಿಮರಿಯ ತಿಳಿವಳಿಕೆಯಷ್ಟು ಹರಡಿಲ್ಲ.

ಕಾಲದ ತೊಡಕು

ಟರ್ಕಿ ಮಾಂಸಕ್ಕೆ ಹೆಚ್ಚು ಬೇಡಿಕೆ ಬರುವುದು ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ಸುಮಾರಿಗೆ. ಹುಬ್ಬಳ್ಳಿ-ಧಾರವಾಡಕ್ಕೆ ಗೋವೆ, ಕಾರವಾರದ ಕಡೆಯ ಪೇಟೆಗಳು ಹತ್ತಿರ. ಹಕ್ಕಿಯು ತಳಿಯನ್ನು ಅನುಸರಿಸಿ ಸಾಮಾನ್ಯವಾಗಿ 16ರಿಂದ 24 ವಾರಗಳಲ್ಲಿ ಮಾರಾಟಕ್ಕೆ ಬರುತ್ತದೆ. ಡಿಸೆಂಬರ್ 20ರ ಹೊತ್ತಿಗೆ 24 ವಾರ ತುಂಬಬೇಕಾದರೆ ಜುಲೈ ಮೊದಲ ವಾರದಲ್ಲಿಯೂ, 20 ವಾರ ತುಂಬಬೇಕಾದರೆ ಆಗಸ್ಟ್ ಮೊದಲಲ್ಲಿಯೂ ಒಂದು ದಿನದ ಮರಿಗಳು ಮನೆಗೆ ಬಂದಿರಬೇಕು. ಅಂದರೆ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲ. ವರ್ಷದಲ್ಲಿ ಗಾಳಿಯ ತೇವ ಅತಿ ಹೆಚ್ಚಿರುವ, ಬಿಸಿಲು ಕಾಣದ, ವಿದ್ಯುತ್ತು ಪದೇ ಪದೇ ಹೋಗುವ ವಾರಗಳಲ್ಲಿಯೇ ಈ ನಾಜೂಕು ಮರಿಗಳನ್ನು ಕಾಯಬೇಕಾಗುತ್ತದೆ. ಪೇಟೆಯ ಲೆಕ್ಕವೂ ಹವೆಯ ಲೆಕ್ಕವೂ ಒಂದಕ್ಕೊಂದು ಎದುರಾಗುವುದು ಇಲ್ಲಿಯೇ.

ಇನ್ನೊಂದು ತಂಡವನ್ನು ಬೇಸಗೆಯಲ್ಲಿ ತರುವವರಿಗೆ ಬೇರೆ ಬಗೆಯ ತೊಡಕು. ಏಪ್ರಿಲ್ ತಿಂಗಳಲ್ಲಿ ಹಗಲು ತಗಡಿನ ಮಾಡಿನ ಕೋಣೆಯು ಮರಿಗೆ ಬೇಕಾದುದಕ್ಕಿಂತ ಹೆಚ್ಚು ಕಾಯುತ್ತದೆ. ಅದೇ ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಬಿದ್ದರೆ ಒಂದೆರಡು ಗಂಟೆಯಲ್ಲಿ ಹವೆ ತಣ್ಣಗಾಗುತ್ತದೆ. ಮಧ್ಯಾಹ್ನ ಸೆಕೆಯಿಂದ ಬಾಯಿ ತೆರೆದ ಮರಿ ಬೆಳಗಿನ ಜಾವ ಚಳಿಯಿಂದ ಮುದುಡುತ್ತದೆ. ಎರಡೂ ಕಾಲಗಳಲ್ಲಿ ಗೆಲ್ಲಲು ಬೇಕಾದ ಸೂತ್ರವೊಂದೇ. ಮರಿ ಬೆಚ್ಚಗಿರಬೇಕು, ಆದರೆ ಮನೆ ಉಸಿರುಗಟ್ಟಿರಬಾರದು. ಕಾವಿಗಾಗಿ ಗಾಳಿಯನ್ನು ಕಟ್ಟಿಹಾಕುವುದೇ ನಮ್ಮ ಕಡೆ ಆಗುವ ದೊಡ್ಡ ತಪ್ಪು.

ಮರಿ ಏಕೆ ಸಾಯುತ್ತದೆ?

ಸತ್ತ ಮರಿಗಳ ಸಂಖ್ಯೆಯಷ್ಟೇ ಅಲ್ಲದೆ ಅವು ಯಾವ ದಿನ ಸತ್ತವು ಎಂಬುದನ್ನೂ ರೈತರು ಬರೆದಿಡಬೇಕು. ದಿನವೇ ಎಷ್ಟೋ ಸಲ ಕಾರಣವನ್ನು ಹೇಳುತ್ತದೆ.

ಮೊದಲ ಮೂರು ದಿನಗಳಲ್ಲಿ ಸತ್ತರೆ ಪ್ರಯಾಣದ ಆಯಾಸ, ಥಂಡಿ ಅಥವಾ ಮೊಟ್ಟೆಯಿಂದಲೇ ಬಂದ ದೌರ್ಬಲ್ಯವನ್ನು ಶಂಕಿಸಬೇಕು. ನಾಲ್ಕರಿಂದ ಆರನೆಯ ದಿನದೊಳಗೆ ಸಾವು ಒಮ್ಮೆಲೇ ಏರಿದರೆ ಅದು ಬಹುಮಟ್ಟಿಗೆ ಹಸಿವಿನ ಸಾವು. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಲೋಳೆಯ ಶೇಷ ಉಳಿದಿರುತ್ತದೆ. ಅದು ಎರಡು ಮೂರು ದಿನ ಮಾತ್ರ ಮರಿಯನ್ನು ಪೋಷಿಸುತ್ತದೆ. ಅಷ್ಟರೊಳಗೆ ತಿನ್ನಲು ಕಲಿಯದ ಮರಿ, ಆಹಾರ ಎದುರಿಗಿದ್ದರೂ ಹಸಿದು ಸಾಯುತ್ತದೆ. ಕೋಳಿಮರಿ ಹುಟ್ಟಿದ ದಿನವೇ ಕೆದರಿ ಕುಕ್ಕಿ ತಿನ್ನುತ್ತದೆ. ಟರ್ಕಿ ಮರಿಗೆ ಮೊದಲ ದಿನಗಳಲ್ಲಿ ದೃಷ್ಟಿ ಮಂದ, ಅಂಜಿಕೆ ಹೆಚ್ಚು; ಅದು ತಾನಾಗಿ ತಟ್ಟೆಯ ಕಡೆಗೆ ಹೋಗುವುದು ಕಡಿಮೆ. ಎರಡನೆಯ ವಾರದ ನಂತರದ ಸಾವುಗಳಲ್ಲಿ ತೇವದ ಹಾಸು, ಬೂಷ್ಟು ಹಿಡಿದ ಆಹಾರ ಮತ್ತು ರೋಗಗಳ ಪಾಲು ಹೆಚ್ಚುತ್ತದೆ. ಹಸಿವಿನಿಂದ ಸತ್ತ ಮರಿಗಳಿಗೆ ರೋಗವೆಂದು ತಿಳಿದು ಔಷಧಿಗೆ ಹಣ ಸುರಿದರೆ ಉಳಿದ ಮರಿಗಳೂ ಉಳಿಯಲಾರವು.

ಮರಿ ಬರುವ ಮೊದಲು

ಮರಿಮನೆಯ ನೆಲವು ಸುತ್ತಲಿನ ಭೂಮಿಗಿಂತ ಕನಿಷ್ಠ ಒಂದೂವರೆ ಅಡಿ ಎತ್ತರವಿರಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರೆಭೂಮಿಯಲ್ಲಿ ಮಳೆನೀರು ಬೇಗ ಇಂಗದೆ ನಿಲ್ಲುವುದರಿಂದ ತೇವವು ನೆಲದೊಳಗಿನಿಂದಲೇ ಮೇಲೇರುತ್ತದೆ. ಅಂತಹ ಕಡೆ ಮಣ್ಣಿನ ನೆಲಕ್ಕಿಂತ ಫರಸಿ ಅಥವಾ ಸಿಮೆಂಟಿನ ನೆಲ ಮೇಲು. ಕಲಘಟಗಿ, ಅಳ್ನಾವರದ ಕಡೆ ಮಳೆಯ ಎರಚಲೇ ಹೆಚ್ಚಿನ ಕಾಟ. ಅಲ್ಲಿ ಸೂರು ಗೋಡೆಯಿಂದ ಮೂರು ಅಡಿಯಷ್ಟು ಮುಂದಕ್ಕೆ ಚಾಚಿರಬೇಕು. ಮನೆಯ ಉದ್ದವು ಪೂರ್ವ-ಪಶ್ಚಿಮವಾಗಿದ್ದರೆ ಬೇಸಗೆಯ ಬಿಸಿಲು ನೇರವಾಗಿ ಒಳಬರುವುದಿಲ್ಲ. ಮಾಡಿಗೆ ಹಂಚು ಒಳ್ಳೆಯದು. ತಗಡಿನ ಮಾಡಾದರೆ ಬೇಸಗೆಯಲ್ಲಿ ಅದರ ಮೇಲೆ ಜೋಳದ ಕಣಿಕೆಯನ್ನು ಹರಡಬೇಕು.

ಮೊದಲ ನಾಲ್ಕು ವಾರ ಪ್ರತಿ ಮರಿಗೆ ಒಂದೂಕಾಲರಿಂದ ಒಂದೂವರೆ ಚದರ ಅಡಿ ಜಾಗ ಬೇಕು. 50 ಮರಿಗಳಿಗೆ 8 ಅಡಿ ಅಗಲ, 10 ಅಡಿ ಉದ್ದದ ಕೋಣೆ ಸಾಕಾಗುತ್ತದೆ. ಹೊಸಬರು ಇದಕ್ಕಿಂತ ಹೆಚ್ಚು ಮರಿಗಳನ್ನು ಒಮ್ಮೆಗೆ ತರುವುದು ಜಾಣತನವಲ್ಲ.

ಮರಿ ಬರುವ ಎರಡು ದಿನ ಮೊದಲೇ ಕೋಣೆಯನ್ನು ತೊಳೆದು, ಸುಣ್ಣ ಬಳಿದು, ಚೆನ್ನಾಗಿ ಒಣಗಿಸಿ, ಎರಡು ಅಂಗುಲ ದಪ್ಪಕ್ಕೆ ಒಣ ಹಾಸು ಹರಡಬೇಕು. ಭತ್ತದ ಹೊಟ್ಟು ನಮ್ಮ ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಸುಲಭವಾಗಿ ದೊರೆಯುತ್ತದೆ. ಮರ ಹೆರೆದ ಸಿಪ್ಪೆಯೂ ಆಗಬಹುದು. ಶೇಂಗಾ ಸಿಪ್ಪೆಯನ್ನು ಬಳಸುವುದಾದರೆ ಅದು ಮಳೆ ತಾಗದ, ಬೂಷ್ಟು ಹಿಡಿಯದ ಸಿಪ್ಪೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೊದಲ ಮೂರು ನಾಲ್ಕು ದಿನ ಹಾಸಿನ ಮೇಲೆ ಗೋಣಿತಟ್ಟು ಅಥವಾ ಒರಟಾದ ಕಾಗದವನ್ನು ಹರಡಿದರೆ ಮರಿಗಳು ಆಹಾರವೆಂದು ತಿಳಿದು ಹೊಟ್ಟನ್ನು ತಿನ್ನುವುದು ತಪ್ಪುತ್ತದೆ. ನುಣುಪಾದ ಕಾಗದವು ಬೇಡ. ಅದರ ಮೇಲೆ ಕಾಲು ಜಾರಿ ಮರಿಗಳ ಕಾಲುಗಳು ಶಾಶ್ವತವಾಗಿ ಕವಲಾಗಬಹುದು.

ಕಾವಿನ ದೀಪದ ಸುತ್ತ ಆರೂವರೆ ಅಡಿ ವ್ಯಾಸದ, ಒಂದು ಅಡಿಗೆ ಕಡಿಮೆಯಿಲ್ಲದ ಎತ್ತರದ ದುಂಡನೆಯ ಬೇಲಿ ಹಾಕಬೇಕು. ಇದಕ್ಕೆ ತಗಡು, ರಟ್ಟು, ಬಿದಿರಿನ ಚಾಪೆ ಯಾವುದಾದರೂ ಸರಿ. ಬೇಲಿಯು ದುಂಡಗೇ ಇರಬೇಕು. ಮೂಲೆಯಿದ್ದರೆ ಬೆದರಿದ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಮರಿ ಬೆಳೆದಂತೆ ಬೇಲಿಯನ್ನು ಹಿಗ್ಗಿಸುತ್ತ ಹೋಗಿ ಎರಡನೆಯ ವಾರದ ಹೊತ್ತಿಗೆ ತೆಗೆದುಬಿಡಬಹುದು. ಆಗ ಕೋಣೆಯ ಮೂಲೆಗಳನ್ನು ರಟ್ಟಿನಿಂದ ದುಂಡು ಮಾಡಬೇಕು.

ಮರಿಗಳನ್ನು ತರುವುದು

ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಿದೆ. ಟರ್ಕಿ, ಬಾತುಕೋಳಿ, ಗಿನಿ ಕೋಳಿಯಂತಹ ಪಕ್ಷಿಗಳ ಸಾಕಣೆಗೆ ಪ್ರೋತ್ಸಾಹ ಕೊಡುವುದೂ ಇಂತಹ ಕೇಂದ್ರ ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ಸೇರಿದೆ. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಚೆನ್ನೈ ನಗರದ ನಂದನಂನಲ್ಲಿ, ನಾಡಿನ ಕಪ್ಪು ಟರ್ಕಿಗೆ ಬೆಲ್ಟ್ಸ್‌ವಿಲ್ ಸಣ್ಣ ಬಿಳಿ ತಳಿಯನ್ನು ಕೂಡಿಸಿ ‘ನಂದನಂ ಟರ್ಕಿ-1’ ಎಂಬ ತಳಿಯನ್ನು ರೂಪಿಸಿದ್ದಾರೆ. ನಮ್ಮಂತಹ ಹವೆಗೆ ಅತಿ ದೊಡ್ಡ ಎದೆಯ ಭಾರದ ತಳಿಗಳಿಗಿಂತ ಇಂತಹ ಮಧ್ಯಮ ಗಾತ್ರದ ತಳಿಗಳು ಹೊಂದುತ್ತವೆ. ಭಾರವಾದ ಹಕ್ಕಿಗೆ ಮೈಯ ಶಾಖವನ್ನು ಹೊರಹಾಕುವುದು ಕಷ್ಟ. ಮರಿಗಳು ವರ್ಷವಿಡೀ ಸಿಗುವುದಿಲ್ಲ. ಟರ್ಕಿ ಮೊಟ್ಟೆ ಒಡೆಯಲು 28 ದಿನ ಬೇಕಾದುದರಿಂದ ಒಂದೆರಡು ತಿಂಗಳು ಮೊದಲೇ ಬೇಡಿಕೆ ಸಲ್ಲಿಸಿ ದಿನಾಂಕ ಗೊತ್ತುಮಾಡಿಕೊಳ್ಳಬೇಕು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರು ದೂರ. ರಾತ್ರಿಯ ಪ್ರಯಾಣ ಒಳ್ಳೆಯದು. ಮಳೆಗೆ ಹೆದರಿ ಮರಿಯ ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಬಾರದು. ಪೆಟ್ಟಿಗೆಯ ತೂತುಗಳು ತೆರೆದಿರಲೇಬೇಕು.

ಮೊದಲ ದಿನ: ನೀರು ಮೊದಲು, ಆಹಾರ ಆಮೇಲೆ

ಮರಿ ಬರುವ ಕೆಲವು ಗಂಟೆ ಮೊದಲೇ ದೀಪ ಹಚ್ಚಿ ಕೋಣೆಯನ್ನು ಬೆಚ್ಚಗೆ ಮಾಡಿರಬೇಕು. ಪೆಟ್ಟಿಗೆಯಿಂದ ತೆಗೆಯುವಾಗ ಪ್ರತಿಯೊಂದು ಮರಿಯ ಕೊಕ್ಕನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ ಅದ್ದಿ, ಅದು ಗುಟುಕರಿಸಿದ್ದನ್ನು ನೋಡಿ ಕೆಳಗೆ ಬಿಡಬೇಕು. 50 ಮರಿಗಳಿಗೆ ಈ ಕೆಲಸ ಅರ್ಧ ಗಂಟೆಯದು. ಇದನ್ನು ಆಳುಗಳಿಗೆ ಒಪ್ಪಿಸದೆ ಮನೆಯವರೇ ಮಾಡುವುದು ಲೇಸು. ಒಂದು ಗಂಟೆಯ ನಂತರ ಆಹಾರವನ್ನು ಅಗಲವಾದ, ಅಂಚು ಕಡಿಮೆಯಿರುವ ತಟ್ಟೆಗಳಲ್ಲಿ ಇಡಬೇಕು.

ತಿನ್ನಲು ಕಲಿಸುವ ಕ್ರಮ ಹೀಗಿದೆ. ಹತ್ತು ಮರಿಗಳಿಗೆ ಒಂದರಂತೆ ಬೇಯಿಸಿದ ಕೋಳಿಮೊಟ್ಟೆಯನ್ನು ಪುಡಿಮಾಡಿ ಆಹಾರದ ಮೇಲೆ ಉದುರಿಸಬೇಕು. ಒಂದು ಲೀಟರ್ ನೀರಿಗೆ 100 ಮಿಲಿಲೀಟರ್ ಹಾಲು ಬೆರೆಸಿ ಕುಡಿಯಲು ಇಡಬೇಕು. ಇವೆರಡನ್ನೂ ಹದಿನೈದು ದಿನಗಳವರೆಗೆ ಮುಂದುವರಿಸಬಹುದು. ಹಾಲುನೀರು ಮಳೆಗಾಲದಲ್ಲಿಯೂ ಬೇಗ ಹುಳಿಯುವುದರಿಂದ ಒಂದು ಹೊತ್ತಿಗಿಂತ ಹೆಚ್ಚು ಇಡದೆ, ಪಾತ್ರೆಯನ್ನು ತೊಳೆದು ಹೊಸದನ್ನು ಇಡಬೇಕು. ಟರ್ಕಿ ಮರಿಗೆ ಹಸಿರು ಬಣ್ಣದ ಮೇಲೆ ಒಲವು. ಮೆಂತ್ಯದ ಸೊಪ್ಪನ್ನೋ ಕುದುರೆಮೆಂತೆಯನ್ನೋ ಸಣ್ಣಗೆ ಹೆಚ್ಚಿ ಆಹಾರದ ಮೇಲೆ ಚೆಲ್ಲಿದರೆ ಮರಿ ಅದನ್ನು ಕುಕ್ಕಲು ಹೋಗಿ ಆಹಾರದ ರುಚಿ ಹಿಡಿಯುತ್ತದೆ. ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರೆ ತಾಯಿಹಕ್ಕಿ ಕುಕ್ಕುವ ಸದ್ದೆಂದು ಮರಿಗಳು ಓಡಿಬರುತ್ತವೆ. ನೀರಿನ ಬಟ್ಟಲಲ್ಲಿ ಬಣ್ಣಬಣ್ಣದ ಗೋಲಿಗಳನ್ನು ಹಾಕಿದರೆ ಎರಡು ಲಾಭ. ಮರಿಯ ಕಣ್ಣು ಅತ್ತ ಹೋಗುತ್ತದೆ, ಮರಿ ನೀರಿನಲ್ಲಿ ಮುಳುಗುವುದೂ ತಪ್ಪುತ್ತದೆ. ಮೊದಲೆರಡು ದಿನ ರಾತ್ರಿಯಿಡೀ ಬೆಳಕಿರಬೇಕು.

ಮರಿ ತಿಂದಿದೆಯೇ ಇಲ್ಲವೇ ಎಂಬುದನ್ನು ತಟ್ಟೆ ನೋಡಿ ತೀರ್ಮಾನಿಸಬಾರದು. ನಾಲ್ಕು ಜೋರಿನ ಮರಿಗಳೇ ತಟ್ಟೆಯನ್ನು ಬರಿದು ಮಾಡಿರಬಹುದು. ಸಂಜೆ ಹೊತ್ತು ಪ್ರತಿಯೊಂದು ಮರಿಯನ್ನೂ ಕೈಯಲ್ಲಿ ಹಿಡಿದು ಕುತ್ತಿಗೆಯ ಬುಡದಲ್ಲಿರುವ ಆಹಾರದ ಚೀಲವನ್ನು ಮುಟ್ಟಿ ನೋಡಬೇಕು. ಮೆತ್ತಗೆ ತುಂಬಿದ್ದರೆ ಮರಿ ತಿಂದು ಕುಡಿದಿದೆ. ಬರಿದಾಗಿದ್ದರೆ ಅಂತಹವನ್ನು ಬೇರ್ಪಡಿಸಿ, ಮೊಟ್ಟೆ ಬೆರೆಸಿದ ಆಹಾರವನ್ನು ನೀರಿನಲ್ಲಿ ನೆನೆಸಿ ಸಣ್ಣ ಉಂಡೆ ಮಾಡಿ ಕೈಯಿಂದ ತಿನ್ನಿಸಬೇಕು. ಮೊದಲ ನಾಲ್ಕು ಸಂಜೆ ಈ ಪರೀಕ್ಷೆ ನಡೆಸಿದರೆ ಹಸಿವಿನ ಸಾವು ಬಹುಪಾಲು ನಿಲ್ಲುತ್ತದೆ.

ಕಾವು ಎಷ್ಟು?

ಮರಿಯ ಬೆನ್ನಿನ ಮಟ್ಟದಲ್ಲಿ, ಅಂದರೆ ಹಾಸಿನಿಂದ ಎರಡು ಅಂಗುಲ ಮೇಲೆ, ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಎರಡನೆಯ ವಾರ 32, ಮೂರನೆಯ ವಾರ 29, ನಾಲ್ಕನೆಯ ವಾರ 26 ಡಿಗ್ರಿಯಂತೆ ಇಳಿಸಬೇಕು. ಮಳೆ ಹಿಡಿದುಕೊಂಡ ವರ್ಷ ಐದು ಆರು ವಾರಗಳವರೆಗೂ ರಾತ್ರಿಯ ಕಾವು ಬೇಕಾಗಬಹುದು.

ಟರ್ಕಿ ಮರಿಗೆ ಕೋಳಿಮರಿಯ ಎರಡರಷ್ಟು ಕಾವಿನ ಜಾಗ ಬೇಕು. ಸಾಮಾನ್ಯ ಬಲ್ಬಿನ ಕಾವಾದರೆ ಮರಿಯೊಂದಕ್ಕೆ 2 ವ್ಯಾಟಿನಂತೆ ಲೆಕ್ಕ ಹಿಡಿದು, 50 ಮರಿಗಳಿಗೆ 60 ವ್ಯಾಟಿನ ಎರಡು ಬಲ್ಬುಗಳನ್ನು ಹಾಸಿನಿಂದ ಒಂದೂವರೆ ಅಡಿ ಎತ್ತರದಲ್ಲಿ ತಗಡಿನ ಛತ್ರಿಯ ಕೆಳಗೆ ತೂಗುಹಾಕಬೇಕು. ಒಂದೇ ದೊಡ್ಡ ಬಲ್ಬಿಗಿಂತ ಎರಡು ಲೇಸು; ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಉಳಿದಿರುತ್ತದೆ. ಈಗ ಮನೆಮನೆಗೂ ಬಂದಿರುವ ಎಲ್ಇಡಿ ದೀಪಗಳು ಬೆಳಕನ್ನು ಕೊಡುತ್ತವೆಯೇ ಹೊರತು ಕಾವನ್ನು ಕೊಡುವುದಿಲ್ಲ ಎಂಬುದನ್ನು ಮರೆಯಬಾರದು. ಮಳೆಗಾಲದ ರಾತ್ರಿಗಳಿಗೆ ಬಲ್ಬಿನ ಕಾವು ಸಾಲದಿದ್ದರೆ ಅತಿಗೆಂಪು ಕಿರಣದ ದೀಪವನ್ನು ಅಥವಾ ಗ್ಯಾಸಿನ ಬ್ರೂಡರನ್ನು ಬಳಸಬೇಕು.

ಉಷ್ಣಮಾಪಕ ಇಲ್ಲದವರಿಗೆ ಮರಿಗಳೇ ಉಷ್ಣಮಾಪಕ. ಇದ್ದವರೂ ಮರಿಗಳನ್ನೇ ನಂಬಬೇಕು. ಮರಿಗಳು ದೀಪದ ಕೆಳಗೆ ಒತ್ತೊತ್ತಾಗಿ ಸೇರಿ ಚೀರುತ್ತಿದ್ದರೆ ಕಾವು ಸಾಲದು. ಬೇಲಿಯ ಅಂಚಿಗೆ ಸರಿದು, ರೆಕ್ಕೆ ಬಿಚ್ಚಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಾವು ಹೆಚ್ಚು. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎದುರು ಪಕ್ಕದಿಂದ ಥಂಡಿಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು, ಕೆಲವು ತಿನ್ನುತ್ತ ಕೆಲವು ಮಲಗಿದ್ದರೆ ಕಾವು ಸರಿಯಾಗಿದೆ. ರಾತ್ರಿ ಮಲಗುವ ಮೊದಲೊಮ್ಮೆ, ಬೆಳಗಿನ ಜಾವ ಮೂರು ಗಂಟೆಗೊಮ್ಮೆ ನೋಡುವುದು ಮೊದಲ ಹತ್ತು ದಿನ ಕಡ್ಡಾಯ.

ವಿದ್ಯುತ್ತು ಹೋದಾಗ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಡುವುದು ಮರಿಗಳಿಗೂ ಕಾಯುವವರಿಗೂ ಅಪಾಯ. ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದರ ಬದಲು ಬಿಸಿನೀರು ತುಂಬಿದ ಮಣ್ಣಿನ ಗಡಿಗೆಗಳ ಬಾಯಿ ಕಟ್ಟಿ, ಗೋಣಿತಟ್ಟು ಸುತ್ತಿ, ಬೇಲಿಯೊಳಗೆ ನಾಲ್ಕು ಕಡೆ ಇಟ್ಟರೆ ಕೆಲವು ಗಂಟೆಗಳ ಮಟ್ಟಿಗೆ ಮರಿಗಳಿಗೆ ಆಸರೆಯಾಗುತ್ತದೆ.

ಬೇಸಗೆಯಲ್ಲಿ ಹಗಲು ಹೊತ್ತು ಕೋಣೆಯ ಶಾಖವೇ 35 ಡಿಗ್ರಿ ಮುಟ್ಟಿದರೆ ದೀಪವನ್ನು ಆರಿಸಿ, ಸಂಜೆ ಮತ್ತೆ ಹಚ್ಚಬೇಕು. ಮಾರ್ಚ್-ಏಪ್ರಿಲಿನ ಒಣಗಾಳಿಯಲ್ಲಿ ಕಿಟಕಿಗೆ ಒದ್ದೆ ತಟ್ಟು ಕಟ್ಟಿದರೆ ತಂಪಾಗುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಅದೇ ಉಪಾಯ ತಿರುಗುಬಾಣವಾಗುತ್ತದೆ. ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ. ಏದುಸಿರಿನ ಮೂಲಕ ಬಾಯಿಯ ತೇವವನ್ನು ಆವಿಯಾಗಿಸಿ ಅದು ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ಆವಿ ಹೋಗಲು ಎಡೆಯಿಲ್ಲ. ಆದ್ದರಿಂದ ಸೆಕೆಯ ದಿನ ಮೋಡ ಕವಿದಿದ್ದಾಗ ನೀರು ಚಿಮುಕಿಸುವುದಕ್ಕಿಂತ ಗಾಳಿಯಾಡಲು ಬಿಡುವುದೇ ಪರಿಹಾರ.

ಗಾಳಿ ಮತ್ತು ಹಾಸು

ಜುಲೈ ತಿಂಗಳ ಪಶ್ಚಿಮದ ಗಾಳಿಗೆ ಹೆದರಿ ರೈತರು ಮರಿಮನೆಯ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆಯನ್ನು ನೆಲದಿಂದ ಮಾಡಿನವರೆಗೆ ಕಟ್ಟುತ್ತಾರೆ. ಒಳಗೆ ಬೆಚ್ಚಗಾಗುತ್ತದೆ, ನಿಜ. ಆದರೆ ಮರಿಗಳ ಉಸಿರಿನ ಮತ್ತು ಹಿಕ್ಕೆಯ ತೇವ ಹೊರಹೋಗಲಾರದೆ ಹಾಸಿಗೆ ಇಳಿಯುತ್ತದೆ. ತೇವದ ಹಾಸಿನಲ್ಲಿ ಹಿಕ್ಕೆ ಕೊಳೆತು ಅಮೋನಿಯ ಹುಟ್ಟುತ್ತದೆ. ಅದು ಮರಿಯ ಕಣ್ಣು, ಶ್ವಾಸನಾಳಗಳನ್ನು ಕೆಡಿಸಿ ರೋಗಕ್ಕೆ ದಾರಿ ಮಾಡುತ್ತದೆ. ಬೆಚ್ಚನೆಯ ತೇವದ ಹಾಸಿನಲ್ಲಿ ರಕ್ತಭೇದಿಯ ಕಣಗಳೂ ಬೂಷ್ಟೂ ಬೆಳೆಯುತ್ತವೆ.

ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುವಂತೆ ಕಟ್ಟಿ, ಮಾಡಿನ ಕೆಳಗೆ ಒಂದು ಅಡಿಯಷ್ಟು ಸದಾ ತೆರೆದಿರುವಂತೆ ನೋಡಿಕೊಳ್ಳಬೇಕು. ಹೀಗೆ ಮಾಡಿದರೆ ಮರಿಯ ಮಟ್ಟದಲ್ಲಿ ಥಂಡಿಗಾಳಿ ಬೀಸುವುದಿಲ್ಲ. ಬಿಸಿಯಾದ ತೇವದ ಗಾಳಿ ಮೇಲಿನಿಂದ ಹೊರಹೋಗುತ್ತದೆ. ಗಾಳಿ ಬೀಸದ ಪೂರ್ವ ದಿಕ್ಕಿನ ಪರದೆಯನ್ನು ಹಗಲು ಹೊತ್ತು ಇನ್ನಷ್ಟು ಇಳಿಸಬಹುದು. ಕಾವು ಕಡಿಮೆಯಾದರೆ ಇನ್ನೊಂದು ದೀಪ ಹಚ್ಚಬೇಕೇ ಹೊರತು ಕಿಂಡಿ ಮುಚ್ಚಬಾರದು. ದೀಪದ ವೆಚ್ಚಕ್ಕಿಂತ ಸತ್ತ ಮರಿಯ ವೆಚ್ಚ ದೊಡ್ಡದು.

ಹಾಸಿನ ಪರೀಕ್ಷೆ ಸುಲಭ. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಅದುಮಿ ಬಿಡಬೇಕು. ಉಂಡೆ ಕಟ್ಟಿ ನಿಂತರೆ ತೇವ ಹೆಚ್ಚು. ಮೆಲ್ಲಗೆ ಬಿರಿದು ಬಿದ್ದರೆ ಹದ. ಧೂಳೆದ್ದರೆ ತೀರ ಒಣಗಿದೆ. ಅಮೋನಿಯದ ಪರೀಕ್ಷೆಗೆ ನಿಂತು ಮೂಸಿ ನೋಡಿದರೆ ಸಾಲದು. ಮರಿಯ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕುಳಿತು ನೋಡಬೇಕು. ಕಣ್ಣು ಉರಿದರೆ ಮರಿಗಳು ಅದಕ್ಕೂ ಮುಂಚಿನಿಂದಲೇ ಕಷ್ಟಪಡುತ್ತಿವೆ ಎಂದರ್ಥ. ದಿನವೂ ಹಾಸನ್ನು ಕೆದರಿ ತಿರುವಬೇಕು. ಗಟ್ಟಿಯಾದ, ಒದ್ದೆಯಾದ ಭಾಗವನ್ನು ಅಂದೇ ತೆಗೆದು ಒಣ ಹೊಟ್ಟನ್ನು ತುಂಬಿ, ಕ್ರಮೇಣ ದಪ್ಪವನ್ನು ಮೂರು ನಾಲ್ಕು ಅಂಗುಲಕ್ಕೆ ಏರಿಸಬೇಕು. ಮರಿಗಳಿರುವಾಗ ಒದ್ದೆ ಹಾಸಿನ ಮೇಲೆ ಸುಣ್ಣ ಎರಚಿದರೆ ಅಮೋನಿಯ ಇನ್ನಷ್ಟು ಬಿಡುಗಡೆಯಾಗುತ್ತದೆ. ಆದ್ದರಿಂದ ತೆಗೆದು ಹಾಕುವುದೇ ಮೇಲು. ಮಳೆಗಾಲಕ್ಕೆ ಬೇಕಾದ ಒಣ ಹೊಟ್ಟನ್ನು ಮೇ ತಿಂಗಳಲ್ಲಿಯೇ ಚೀಲಗಳಲ್ಲಿ ತುಂಬಿ ಒಳಗೆ ಇಟ್ಟುಕೊಂಡಿರಬೇಕು.

ಹಾಸು ಒದ್ದೆಯಾಗಲು ಅರ್ಧ ಕಾರಣ ನೀರಿನ ಪಾತ್ರೆ. ಪಾತ್ರೆಗಳನ್ನು ತಂತಿ ಜಾಲರಿ ಹೊಡೆದ ಮರದ ಚೌಕಟ್ಟಿನ ಮೇಲಿಟ್ಟರೆ ಚೆಲ್ಲಿದ ನೀರು ಹಾಸಿನಲ್ಲಿ ಹರಡದೆ ಕೆಳಗೆ ಬೀಳುತ್ತದೆ. ಮರಿ ಬೆಳೆದಂತೆ ಪಾತ್ರೆಯ ಅಂಚು ಅದರ ಬೆನ್ನಿನ ಮಟ್ಟಕ್ಕೆ ಬರುವಂತೆ ಏರಿಸಬೇಕು.

ಆಹಾರ

ಟರ್ಕಿ ಮರಿಗೆ ಮೊದಲ ನಾಲ್ಕು ವಾರ ನೂರಕ್ಕೆ 28ರಷ್ಟು ಪ್ರೊಟೀನಿರುವ ಆಹಾರ ಬೇಕು. ಪೇಟೆಯಲ್ಲಿ ಸಿಗುವ ಮಾಂಸದ ಕೋಳಿಮರಿಯ ಆಹಾರದಲ್ಲಿ ಅದು 22-23ಕ್ಕಿಂತ ಹೆಚ್ಚಿರುವುದಿಲ್ಲ. ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಕೋಳಿಗಳ ರಕ್ತಭೇದಿ ತಡೆಗೆ ಕೆಲವು ಆಹಾರಗಳಲ್ಲಿ ಬೆರೆಸುವ ಸಾಲಿನೋಮೈಸಿನ್ ಮತ್ತು ನರಾಸಿನ್ ಎಂಬ ಔಷಧಿಗಳು ಟರ್ಕಿಗೆ ವಿಷ. ಕೋಳಿಗೆ ಹಿತವಾದ ಪ್ರಮಾಣವೇ ಟರ್ಕಿಯ ಕಾಲುಗಳನ್ನು ಸೋಲಿಸಿ ಕೊಲ್ಲಬಲ್ಲದು. ಕೋಳಿಯ ಆಹಾರವನ್ನು ಕೊಳ್ಳುವ ಮೊದಲು ಚೀಲದ ಮೇಲಿನ ಚೀಟಿಯನ್ನು ಓದಬೇಕು. ತಿಳಿಯದಿದ್ದರೆ ಮಾರುವವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಮನೆಯಲ್ಲಿ ಆಹಾರ ಕೂಡಿಸುವವರಿಗೆ 100 ಕಿಲೋ ಲೆಕ್ಕದ ಒಂದು ಉದಾಹರಣೆ: ಗೋವಿನಜೋಳದ ನುಚ್ಚು 42 ಕಿಲೋ, ಎಣ್ಣೆ ತೆಗೆದ ಸೋಯಾ ಹಿಂಡಿ 44 ಕಿಲೋ, ಒಳ್ಳೆಯ ಮೀನಿನ ಪುಡಿ 10 ಕಿಲೋ, ಖನಿಜ ಮತ್ತು ಜೀವಸತ್ವಗಳ ಮಿಶ್ರಣ 4 ಕಿಲೋ. ಗೋವಿನಜೋಳದಲ್ಲಿ ಶೇಕಡ 9, ಸೋಯಾ ಹಿಂಡಿಯಲ್ಲಿ 45, ಮೀನಿನ ಪುಡಿಯಲ್ಲಿ 50ರಂತೆ ಪ್ರೊಟೀನ್ ಹಿಡಿದರೆ ಕ್ರಮವಾಗಿ 3.8, 19.8 ಮತ್ತು 5.0 ಸೇರಿ ಒಟ್ಟು 28.6 ಆಗುತ್ತದೆ. ಹಸಿ ಸೋಯಾ ಅವರೆಯನ್ನು ಬೀಸಿ ಹಾಕಬಾರದು. ಅದರಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದ್ದು, ಅದು ಕಾಯಿಸಿದಾಗ ಮಾತ್ರ ನಾಶವಾಗುತ್ತದೆ. ಐದನೆಯ ವಾರದಿಂದ ಎಂಟನೆಯ ವಾರದವರೆಗೆ ಪ್ರೊಟೀನನ್ನು 26ಕ್ಕೆ ಇಳಿಸಬಹುದು.

ಈ ಲೆಕ್ಕದಲ್ಲಿ ಶೇಂಗಾ ಹಿಂಡಿಯನ್ನು ಸೇರಿಸದಿರುವುದಕ್ಕೆ ಕಾರಣವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು ಗುರುತೇ ಸಿಗದ ಕಾಯಿಲೆಯಿಂದ ಸತ್ತವು. ಹುಡುಕಿದಾಗ ಬ್ರೆಜಿಲ್ ದೇಶದಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿಯೇ ಅದಕ್ಕೆ ಕಾರಣವೆಂದು ತಿಳಿಯಿತು. ಅಫ್ಲಾಟಾಕ್ಸಿನ್ ಎಂಬ ವಿಷವು ವಿಜ್ಞಾನಿಗಳ ಗಮನಕ್ಕೆ ಬಂದುದೇ ಟರ್ಕಿ ಮರಿಗಳ ಈ ಸಾವಿನಿಂದ. ಶೇಂಗಾ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಹಿಂಡಿ ಅಗ್ಗವೆಂದು ಮರಿಗಳಿಗೆ ಹಾಕುವ ಮೊದಲು ಇದನ್ನು ನೆನೆಯಬೇಕು. ಬೂಷ್ಟಿನ ಪುಡಿಯನ್ನು ಜಾಡಿಸಿದರೂ, ಬಿಸಿಲಿಗೆ ಹಾಕಿದರೂ, ಹುರಿದರೂ ವಿಷ ಉಳಿದುಕೊಳ್ಳುತ್ತದೆ. ದನಗಳು ತಿಂದು ತಡೆದುಕೊಂಡ ಹಿಂಡಿಯೂ ಟರ್ಕಿ ಮರಿಯ ಪಿತ್ತಜನಕಾಂಗವನ್ನು ಕೆಡಿಸಬಲ್ಲದು. ಗೋವಿನಜೋಳವೂ ಈ ಅಪಾಯಕ್ಕೆ ಹೊರತಲ್ಲ; ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕನೆ ಒಡೆಯುವಷ್ಟು ಒಣಗಿದ ಕಾಳನ್ನೇ ಆರಿಸಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೆ ಸಾಲುವಷ್ಟನ್ನು ಮಾತ್ರ ಕೂಡಿಸಿ, ಚೀಲಗಳನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಹಲಗೆಯ ಮೇಲಿಡಬೇಕು.

ರೋಗಗಳು

ಟರ್ಕಿ ಸಾಕುವವರು ಮೊದಲು ತಿಳಿಯಬೇಕಾದುದು ಬ್ಲ್ಯಾಕ್‌ಹೆಡ್ ರೋಗ. ಇದರ ರೋಗಾಣು ಕೋಳಿಯ ಕರುಳಿನ ಸಣ್ಣ ಹುಳುವಿನ ಮೊಟ್ಟೆಯೊಳಗೆ ಅಡಗಿ ಹಿಕ್ಕೆಯ ಮೂಲಕ ಮಣ್ಣಿಗೆ ಸೇರಿ, ವರ್ಷಗಟ್ಟಲೆ ಅಲ್ಲಿಯೇ ಇರಬಲ್ಲದು. ಎರೆಹುಳುಗಳು ಅದನ್ನು ನುಂಗಿರುತ್ತವೆ. ಮಳೆ ಬಿದ್ದಾಗ ಮೇಲೆ ಬರುವ ಎರೆಹುಳುವನ್ನು ಟರ್ಕಿ ತಿಂದರೆ ರೋಗ ತಗಲುತ್ತದೆ. ಕೋಳಿ ಇದನ್ನು ಹೊತ್ತೂ ಆರೋಗ್ಯವಾಗಿರುತ್ತದೆ, ಟರ್ಕಿ ಸಾಯುತ್ತದೆ. ಗಂಧಕದಂತಹ ಹಳದಿ ಬಣ್ಣದ ಹಿಕ್ಕೆ, ಜೋಲುಬಿದ್ದ ರೆಕ್ಕೆ, ತೂಕಡಿಕೆ ಇದರ ಲಕ್ಷಣಗಳು. ರೋಗ ಬಂದ ಮೇಲೆ ನೆಚ್ಚಬಹುದಾದ ಮದ್ದು ಇಂದು ಕೈಗೆ ಸಿಗುವುದು ಕಷ್ಟ. ಆದುದರಿಂದ ಜವಾರಿ ಕೋಳಿಗಳೂ ಟರ್ಕಿಗಳೂ ಒಂದೇ ಹಿತ್ತಲಲ್ಲಿ ಇರಬಾರದು. ಕೋಳಿಗಳು ಮೇಯ್ದ ನೆಲದಲ್ಲಿ ಟರ್ಕಿ ಮರಿಗಳನ್ನು ಬಿಡಬಾರದು. ಕಾವಿಗೆ ಕೂತ ಜವಾರಿ ಕೋಳಿಯ ಕೆಳಗೆ ಟರ್ಕಿ ಮೊಟ್ಟೆಯಿಟ್ಟು ಮರಿ ಮಾಡಿಸುವ ಹಳೆಯ ರೂಢಿಯಲ್ಲಿರುವ ಅಪಾಯವೂ ಇದೇ. ಕೋಳಿಗೊಬ್ಬರವನ್ನು ಟರ್ಕಿ ಮೇಯುವ ಹೊಲಕ್ಕೆ ಹಾಕಬಾರದು.

ಮೂರನೆಯ ವಾರದ ಸುಮಾರಿಗೆ ಮರಿಗಳು ಮುದುಡಿ, ಹಿಕ್ಕೆ ನೀರಾಗಿ ಲೋಳೆಯೋ ರಕ್ತವೋ ಕಂಡರೆ ರಕ್ತಭೇದಿಯನ್ನು ಶಂಕಿಸಿ ಪಶುವೈದ್ಯರಿಗೆ ತೋರಿಸಬೇಕು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದು, ಕೋಣೆಯಲ್ಲಿ ಸೆಕೆ ಇಲ್ಲದಿದ್ದರೆ ಬೂಷ್ಟು ಹಿಡಿದ ಹಾಸಿನಿಂದ ಬಂದ ಶ್ವಾಸಕೋಶದ ರೋಗವಿರಬಹುದು. ಆಗ ಹಾಸನ್ನು ಪೂರ್ತಿಯಾಗಿ ಬದಲಿಸಬೇಕು. ಕೊಕ್ಕರೆ ರೋಗಕ್ಕೆ ಮೊದಲ ದಿನಗಳಲ್ಲಿ ಒಮ್ಮೆ ಮತ್ತು ಆರನೆಯ ವಾರದ ಸುಮಾರಿಗೆ ಇನ್ನೊಮ್ಮೆ, ಸಿಡುಬಿಗೆ ನಾಲ್ಕೈದನೆಯ ವಾರದಲ್ಲಿ ಲಸಿಕೆ ಹಾಕಿಸುವುದು ರೂಢಿ. ಸ್ಥಳೀಯ ಪಶುವೈದ್ಯರ ಸಲಹೆಯಂತೆ ಈ ಕ್ರಮವನ್ನು ಗೊತ್ತುಮಾಡಿಕೊಳ್ಳಬೇಕು. ಕಾರಣ ತಿಳಿಯದೆ ಹಕ್ಕಿಗಳು ಒಮ್ಮೆಗೇ ಸಾಯತೊಡಗಿದರೆ ಪಶು ಆಸ್ಪತ್ರೆಗೆ ಕೂಡಲೇ ತಿಳಿಸಬೇಕು. ಸತ್ತವನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಬೇಕು.

ನಾಲ್ಕು ವಾರಗಳ ನಂತರ

ಮೈತುಂಬ ಗರಿ ಬಂದ ಮರಿಗಳಿಗೆ ಹಗಲಿನ ಕಾವು ಬೇಡ. ಐದನೆಯ ವಾರದಿಂದ ತಲಾ ಎರಡೂವರೆ ಚದರ ಅಡಿ ಜಾಗ ಕೊಡಬೇಕು. ಮಳೆ ಬಿಡುವು ಕೊಟ್ಟ ದಿನ ಒಣ ನೆಲದಲ್ಲಿ ಸ್ವಲ್ಪ ಹೊತ್ತು ಬಿಟ್ಟು ರೂಢಿ ಮಾಡಿಸಿ, ಎಂಟನೆಯ ವಾರದ ನಂತರವೇ ಮೇಯಲು ಬಿಡುವುದು ಸೂಕ್ತ. ತುಪ್ಪಳದ ಮರಿ ಒಮ್ಮೆ ಮಳೆಯಲ್ಲಿ ತೊಯ್ದರೆ ಚೇತರಿಸಿಕೊಳ್ಳುವುದು ಕಷ್ಟ.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಸಲಹೆ ಕೊಡುವಾಗ ಮರಿಗಳನ್ನು ತರಿಸುವ ಮುಂಚೆ ಕೊಳ್ಳುವವರು ಯಾರೆಂಬುದನ್ನು ಕೇಳಬೇಕು. ಟರ್ಕಿಗೆ ಕೋಳಿಯಂತೆ ವಾರವಾರದ ಸಂತೆಯ ಬೇಡಿಕೆ ನಮ್ಮಲ್ಲಿ ಇಲ್ಲ. ಹುಬ್ಬಳ್ಳಿ, ಬೆಳಗಾವಿ, ಗೋವೆಯ ಹೋಟೆಲುಗಳೊಡನೆ ಮೊದಲೇ ಮಾತಾಡಿಕೊಂಡು, ಅಷ್ಟಕ್ಕೆ ತಕ್ಕಷ್ಟು ಮರಿಗಳನ್ನು ಮಾತ್ರ ತರಿಸಬೇಕು. ಪ್ರತಿದಿನ ಎಷ್ಟು ಮರಿ ಸತ್ತವು, ಎಷ್ಟು ಆಹಾರ ಖರ್ಚಾಯಿತು, ಬೆಳಗಿನ ಜಾವದ ಶಾಖವೆಷ್ಟು ಎಂಬ ಮೂರು ಅಂಕಿಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮುಂದಿನ ತಂಡಕ್ಕೆ ಅದೇ ದಾರಿ ತೋರಿಸುತ್ತದೆ. 50 ಮರಿಗಳಲ್ಲಿ ನಾಲ್ಕು ವಾರದ ಕೊನೆಗೆ 45ಕ್ಕಿಂತ ಹೆಚ್ಚು ಉಳಿದಿದ್ದರೆ ಪಾಲನೆ ಸರಿಯಾಗಿದೆ ಎಂದು ತಿಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ವಹಿಯಲ್ಲಿ ಸಾವಿನ ದಿನಗಳನ್ನು ನೋಡಿ ಕಾರಣ ಹುಡುಕಬೇಕು. ಅದು ಸರಿಯಾಗುವವರೆಗೆ ಮುಂದಿನ ತಂಡಕ್ಕೆ ಮುಂಗಡ ಕೊಡಬಾರದು.

ಮಳೆಗಾಲದ ಮುಖ್ಯ ಅಂಶಗಳು ಇಷ್ಟು: ಮೊದಲ ನಾಲ್ಕು ಸಂಜೆ ಪ್ರತಿ ಮರಿಯ ಆಹಾರದ ಚೀಲವನ್ನು ಮುಟ್ಟಿ ನೋಡುವುದು, ಕಾವು ಸಾಲದಾದರೆ ದೀಪ ಹೆಚ್ಚಿಸುವುದು, ಕಿಂಡಿ ಮುಚ್ಚದಿರುವುದು, ಒದ್ದೆ ಹಾಸನ್ನು ಅಂದಂದೇ ತೆಗೆಯುವುದು, ಬೂಷ್ಟು ಹಿಡಿದ ಹಿಂಡಿ, ಕಾಳನ್ನು ದೂರವಿಡುವುದು, ಕೋಳಿಗಳಿಂದ ಟರ್ಕಿಗಳನ್ನು ಬೇರೆಯಾಗಿಡುವುದು. ಹೆಚ್ಚಿನ ಮಾಹಿತಿಗೆ ಧಾರವಾಡದ ಸೈದಾಪುರ ಫಾರ್ಮಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.